ಬೇಟೆನಾಯಿಯ ಮರಿಯನ್ನು ಪಳಗಿಸಿದ ಬಗೆ

ಇತಿಹಾಸವೆಂದರೆ ಅರಸರದು, ದೇಗುಲಗಳದು, ಕವಿಗಳದು ಎಂದು ನಾವು ತರಗತಿಯಲ್ಲಿ ಹೇಳುತ್ತ ಬಂದಿದ್ದೇವೆ. ಅರಸನ ಮುಂದೆ ಓಡಿದ ನಾಯಿಗೂ ಅದನ್ನು ಮರಿಯಿಂದ ಸಾಕಿದ ಕೈಗಳಿಗೂ ಒಂದು ಇತಿಹಾಸ ಉಂಟೆಂಬುದು ಥಟ್ಟನೆ ಹೊಳೆಯುವ ಮಾತಲ್ಲ. ಆದರೆ ಕನ್ನಡಿಗರಿಗೆ ಈ ಇತಿಹಾಸದ ಒಂದು ತುದಿ ಕಲ್ಲಿನ ಮೇಲೆಯೇ ದೊರೆತಿದೆ. ಇನ್ನೊಂದು ತುದಿ ನಮ್ಮ ಗಡಿನಾಡಿನ ಕುರಿಹಟ್ಟಿಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಇವೆರಡನ್ನೂ ಕೂಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ವಿದ್ವಾಂಸರಿಗೆ ಸುಪರಿಚಿತವಾದುದು. ಅದು ಶಕ ವರ್ಷ 872ರದು, ಎಂದರೆ ಕ್ರಿ. ಶ. 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನನ್ನು ತಕ್ಕೋಲದಲ್ಲಿ ಸೋಲಿಸಿದುದು, ಆ ಯುದ್ಧದಲ್ಲಿ ಗಂಗರ ಬೂತುಗನು ತೋರಿದ ಸಾಹಸ, ಅದಕ್ಕೆ ಪ್ರತಿಫಲವಾಗಿ ಅವನು ಪಡೆದ ಬನವಾಸಿ, ಬೆಳ್ವೊಲ, ಪುರಿಗೆರೆ ಮೊದಲಾದ ನಾಡುಗಳು, ಇವೆಲ್ಲ ಅದರಿಂದ ತಿಳಿದುಬರುತ್ತವೆ. ರಾಜಕೀಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಕಲ್ಲು ನಿಲ್ಲಿಸುವುದಿಲ್ಲ.

ಬೂತುಗನ ಕಡೆ ಕಾದಿದ ಮಣಲೆರನೆಂಬ ವೀರನಿದ್ದನು. ಅವನ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದುದು ಕಾಳಿಯೆಂಬ ನಾಯಿಯನ್ನು. ಹಳ್ಳಿಗಳ ಕೊಡುಗೆಯೂ ಅವನಿಗೆ ದೊರೆತುದು ಅದೇ ಕಲ್ಲಿನಲ್ಲಿದೆ. ಬಾಯಿಬಿಟ್ಟು ಕೇಳಿದುದು ಮಾತ್ರ ನಾಯಿಯನ್ನು. ಮುಂದೆ ಕೆಲಲೆ ನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರದ ಎದುರಿಗೆ ಕಲ್ಲು ನೆಟ್ಟು, ಭೂಮಿಯನ್ನು ದತ್ತಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಗಲುವುದೆಂದು ವಿಧಿಸಿದರು. ನಾಯಿ ಹಂದಿಗಳ ಕಾಳಗವನ್ನೂ ಕಲ್ಲಿನ ಮೇಲೆ ಕೆತ್ತಿದರು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕಾಳಿ ಇಂದಿನ ಮುಧೋಳ ನಾಯಿಯ ಪೂರ್ವಜವೆಂದು ಹೇಳುವವರುಂಟು. ಶಾಸನ ನಾಯಿಯ ಹೆಸರನ್ನೂ ಕೆಲಸವನ್ನೂ ಹೇಳುತ್ತದೆಯೇ ಹೊರತು ತಳಿಯನ್ನು ಹೇಳುವುದಿಲ್ಲ. ಅಭಿಮಾನಕ್ಕಾಗಿ ಆಧಾರವಿಲ್ಲದ ವಂಶಾವಳಿಯನ್ನು ಕಟ್ಟುವುದು ಸಂಶೋಧನೆಯಾಗದು.

ಆದರೆ ಶಾಸನ ಬಾಯಿಬಿಟ್ಟು ಹೇಳದಿದ್ದರೂ ಸೂಚಿಸುವ ಸಂಗತಿಯೊಂದುಂಟು. ಹಂದಿಯ ಮೇಲೆ ನಾಯಿಯನ್ನು ‘ಬಿಟ್ಟರು’ ಎಂಬ ಮಾತನ್ನು ಗಮನಿಸಬೇಕು. ಹಿಡಿತದಲ್ಲಿ ನಿಲ್ಲಬಲ್ಲ ನಾಯಿಯನ್ನು ಮಾತ್ರ ಬಿಡಬಹುದು. ನಿಲ್ಲಲಾರದ ನಾಯಿ ತಾನೇ ಓಡಿಹೋಗುತ್ತದೆ. ಕಣ್ಣೆದುರಿಗೆ ಪ್ರಾಣಿಯನ್ನು ಕಂಡೂ ಒಡೆಯನ ಮಾತು ಬರುವ ತನಕ ತಡೆದು ನಿಲ್ಲುವುದು ಹುಟ್ಟಿನಿಂದ ಬರುವ ಗುಣವಲ್ಲ. ಅದು ಯಾರೋ ತಿಂಗಳುಗಟ್ಟಲೆ ಕಲಿಸಿದ ವಿದ್ಯೆ. ಒಬ್ಬ ಒಡೆಯನಿಂದ ಇನ್ನೊಬ್ಬನಿಗೆ ಹೋಗಿಯೂ ಕಾಳಿ ಪ್ರಾಣಕೊಟ್ಟು ಕಾದಿತೆಂದರೆ ಆ ಕಲಿಕೆ ಎಷ್ಟು ಗಟ್ಟಿಯಾಗಿದ್ದಿರಬೇಕು! ಕಲಿಸಿದವನ ಹೆಸರು ಮಾತ್ರ ಕಲ್ಲಿನಲ್ಲಿಲ್ಲ.

ಗ್ರಂಥಗಳಲ್ಲಿಯೂ ಸ್ಥಿತಿ ಬಹುಮಟ್ಟಿಗೆ ಇದೇ. ಕೌಟಿಲ್ಯನ ಅರ್ಥಶಾಸ್ತ್ರ ಬೇಡರನ್ನೂ ನಾಯಿಗಳ ಹಿಂಡು ಸಾಕುವವರನ್ನೂ ಕಾಡಿನಲ್ಲಿ ಸುತ್ತಾಡಿಸಬೇಕೆಂದು ಹೇಳುವಾಗ ಅವರನ್ನು ರಾಜ್ಯದ ಕೆಲಸಗಾರರೆಂದೇ ಎಣಿಸುತ್ತದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಮಾನಸೋಲ್ಲಾಸದಲ್ಲಿ ನಾಯಿಗಳಿಗೆ ಸಂಬಂಧಿಸಿದ ಸಾರಮೇಯ ವಿನೋದವೂ ಬೇಟೆಗೆ ಸಂಬಂಧಿಸಿದ ಮೃಗಯಾ ವಿನೋದವೂ ಬೇರೆ ಬೇರೆಯಾಗಿಯೇ ಇವೆ. ಅದು ಅರಸನ ವಿನೋದದ ದೃಷ್ಟಿ. ನಸುಕಿನಲ್ಲಿ ಎದ್ದು ಮರಿಗೆ ಅಂಬಲಿ ಕಾಯಿಸಿದವನ ದೃಷ್ಟಿ ಅರಮನೆಯ ಗ್ರಂಥದಲ್ಲಿ ಬರುವುದೆಂದು ನಿರೀಕ್ಷಿಸುವುದೂ ತಪ್ಪಾದೀತು.

ಹಾಗಾದರೆ ಆ ವಿದ್ಯೆ ಎಲ್ಲಿ ಉಳಿಯಿತು? ಉಳಿದುದು ಬೇಡರಲ್ಲಿ, ಕುರುಬರಲ್ಲಿ. ಬಿಜಾಪುರ, ಬಾಗಲಕೋಟೆ, ಜತ್ತ, ಸೊಲ್ಲಾಪುರದ ಬಯಲು ಸೀಮೆಯ ಬೇಟೆನಾಯಿ ಕಿರಿದಾದ ಉದ್ದ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆಯ ಪ್ರಾಣಿ. ಮೂಸಿ ಜಾಡು ಹಿಡಿಯುವುದಕ್ಕಿಂತ ಕಣ್ಣಿನಿಂದ ಕಂಡು ಬೆನ್ನಟ್ಟುವುದೇ ಅದರ ಧರ್ಮ. ಆದುದರಿಂದ ಅದರ ಶಿಕ್ಷಣವೂ ಆ ಧರ್ಮವನ್ನೇ ಅನುಸರಿಸಿತು.

ಈ ಶಿಕ್ಷಣದ ಕ್ರಮ ಶಿಕ್ಷಕರಾದ ನಮಗೆ ವಿಚಾರಣೀಯವಾಗಿದೆ. ಮರಿ ಎರಡು ವಾರಕ್ಕೆ ಕಣ್ಣು ಬಿಡುತ್ತದೆ. ತಾಯಿಯ ಹಾಲು ಕಡಿಮೆಯಾಗುತ್ತ ಬಂದಂತೆ ಹಾಲಿನಲ್ಲಿ, ಮಜ್ಜಿಗೆಯಲ್ಲಿ ನೆನಸಿದ ಜೋಳದ ರೊಟ್ಟಿ ರೂಢಿಯಾಗುತ್ತದೆ. ಮೊದಲ ಪಾಠ ಹೆಸರಿನದು. ಉಣಿಸುವವನೇ ಹೆಸರಿಟ್ಟು ಕರೆದರೆ, ಕರೆದಾಗ ಬರುವುದು ಅನ್ನದೊಡನೆಯೇ ಕಲಿತುಹೋಗುತ್ತದೆ. ಎರಡನೆಯದು ಹಟ್ಟಿಯ ಪಾಠ. ಕುರಿಮರಿ, ಕೋಳಿ, ಮಕ್ಕಳ ನಡುವೆಯೇ ಬೆಳೆದ ಮರಿ ತನ್ನವರು ಯಾರು, ಬೇಟೆಯ ಪ್ರಾಣಿ ಯಾವುದು ಎಂಬ ಭೇದವನ್ನು ಅರಿಯುತ್ತದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲವೇ ಮರಿಯ ಒಡನಾಟದ ಸ್ವಭಾವವನ್ನು ರೂಪಿಸುವುದೆಂದು ತೋರಿಸಿದರು. ಹಟ್ಟಿಯ ಅನುಭವಕ್ಕೆ ಇದು ತಡವಾಗಿ ದೊರೆತ ಸಮರ್ಥನೆ.

ಮೂರನೆಯದು ಹಗ್ಗದ ಪಾಠ. ಮೊದಲು ಕೊರಳಿಗೆ ಹಗುರವಾದ ಹಗ್ಗ. ಆಮೇಲೆ ಹಗ್ಗ ಹಿಡಿದವನ ಜೊತೆ ಎಳೆದಾಡದೆ ನಡೆಯುವುದು. ಕೊನೆಗೆ ಎದುರಿಗೆ ಏನೇ ಓಡಿದರೂ ತಡೆದು ನಿಲ್ಲುವುದು. ನಾಲ್ಕನೆಯದು ಓಟದ ಪಾಠ. ದಾರದ ತುದಿಗೆ ಚರ್ಮದ ತುಂಡು ಕಟ್ಟಿ ಎಳೆದರೆ ಮರಿಯ ಕಣ್ಣು ಚಲನೆಗೆ ಒಗ್ಗುತ್ತದೆ. ಆದರೆ ಎಲುಬು ಬಲಿಯಲು ಸುಮಾರು ಒಂದು ವರ್ಷ ಬೇಕು. ಅದಕ್ಕೆ ಮೊದಲು ದೂರ ಓಡಿಸಿದರೆ ಕಾಲು ಕೆಡುತ್ತದೆ. ಕೊನೆಯ ಪಾಠಕ್ಕೆ ಗುರು ಮನುಷ್ಯನಲ್ಲ, ನುರಿತ ಹಳೆಯ ನಾಯಿ. ಅದರ ಜೊತೆ ಬಿಟ್ಟ ಮರಿ ಎಲ್ಲಿ ಅಡ್ಡ ಹಾಯಬೇಕು, ಎಲ್ಲಿ ಹಿಂದೆಗೆಯಬೇಕು ಎಂಬುದನ್ನು ನೋಡಿಯೇ ಕಲಿಯುತ್ತದೆ. ಈ ಜಾತಿಯ ನಾಯಿ ಪೆಟ್ಟಿಗೆ ಪಳಗದು; ಹೊಡೆದರೆ ಮುದುಡುತ್ತದೆ, ಕರೆದರೆ ಬಾರದಾಗುತ್ತದೆ. ಬೆತ್ತವನ್ನು ನೆಚ್ಚಿದ ಉಪಾಧ್ಯಾಯರಿಗೂ ಇದರಲ್ಲಿ ಒಂದು ಮಾತಿಲ್ಲವೆ?

ಈ ನಾಯಿಗೆ ಹೊರಗಿನ ಕೀರ್ತಿ ಬಂದುದು ಇತ್ತೀಚೆಗೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಬೇಟೆಗಾರರ ಬಳಿಯಿದ್ದ ನಾಯಿಗಳನ್ನು ಕಂಡು ತಳಿಯನ್ನು ಬೆಳೆಸಿದರೆಂದು ಪ್ರಸಿದ್ಧಿ. 1857ರಲ್ಲಿ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಬಂಡೆದ್ದ ಹಲಗಲಿಯ ಬೇಡರೂ ಅದೇ ಸಂಸ್ಥಾನದವರೆಂಬುದನ್ನು ಇಲ್ಲಿ ನೆನೆಯಬಹುದು. 2005ರ ಜನವರಿ 9ರಂದು ಭಾರತೀಯ ಅಂಚೆ ಇಲಾಖೆ ಹೊರತಂದ ನಾಲ್ಕು ನಾಯಿಗಳ ಚೀಟಿಗಳಲ್ಲಿ ಮುಧೋಳವೂ ಒಂದು. 2016ರಲ್ಲಿ ಕೆಲವು ಮರಿಗಳು ತರಬೇತಿಗಾಗಿ ಮೀರತ್ತಿನ ಸೇನಾ ಕೇಂದ್ರಕ್ಕೆ ಹೋದವು. ಹೆಸರಿನಲ್ಲಿಯೂ ಗಡಿಯ ಛಾಯೆಯುಂಟು: ಕರ್ನಾಟಕದಲ್ಲಿ ಮುಧೋಳ ನಾಯಿ, ಮಹಾರಾಷ್ಟ್ರದಲ್ಲಿ ಕಾರವಾನಿ. ರಾಜ್ಯಗಳ ಗೆರೆ 1956ರಲ್ಲಿ ಮತ್ತು 1960ರಲ್ಲಿ ಬದಲಾಯಿತು; ನಾಯಿಯೂ ಅದರ ಹಿಂದಿನ ಹಟ್ಟಿಯೂ ಎರಡೂ ಕಡೆ ಉಳಿದವು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಕಾಡುಪ್ರಾಣಿಯ ಬೇಟೆ ಅಪರಾಧ. ಅದು ಯುಕ್ತವೇ ಆಗಿದೆ. ಕೃಷ್ಣಮೃಗ, ಮೊಲಗಳು ನಮ್ಮ ಬಯಲಿನಲ್ಲಿ ಬದುಕಿ ಉಳಿಯಬೇಕು. ಆದರೆ ಬೇಟೆಯೊಡನೆ ಬೇಟೆನಾಯಿಯನ್ನು ಬೆಳೆಸಿದ ಜ್ಞಾನವೂ ಅದರ ನುಡಿಗಟ್ಟೂ ಮಣ್ಣು ಪಾಲಾಗಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಒಬ್ಬರ ಮೇಲೆ ಒಬ್ಬರನ್ನು ‘ಛೂ ಬಿಡುವುದು’ ಎಂದು ನಾವು ದಿನವೂ ಆಡುತ್ತೇವೆ. ಆ ‘ಛೂ’ ನಾಯಿಯ ಪಾಠದ ಕೊನೆಯ ಅಕ್ಷರವಾಗಿತ್ತೆಂದು ನಮ್ಮ ಮಕ್ಕಳಿಗೆ ಯಾರು ಹೇಳಬೇಕು?

ಆದುದರಿಂದ ಗಡಿನಾಡಿನ ಶಿಕ್ಷಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ನಮ್ಮ ಶಾಲೆಗಳಲ್ಲಿ ಕುರುಬರ, ಬೇಡರ, ಧನಗರರ ಮಕ್ಕಳಿದ್ದಾರೆ. ಅವರ ಅಜ್ಜಂದಿರು ಮರಿಯನ್ನು ಆರಿಸುವಾಗ ಏನು ನೋಡುತ್ತಿದ್ದರು, ಬಣ್ಣಕ್ಕೂ ನಡಿಗೆಗೂ ಏನೆಂದು ಹೆಸರಿಡುತ್ತಿದ್ದರು, ಕರೆಯುವ, ತಡೆಯುವ, ಬಿಡುವ ಕೂಗುಗಳು ಯಾವುವು, ಅವುಗಳಲ್ಲಿ ಕನ್ನಡವೆಷ್ಟು, ಮರಾಠಿಯೆಷ್ಟು, ಉರ್ದುವೆಷ್ಟು ಎಂಬುದನ್ನು ಮಕ್ಕಳಿಂದಲೇ ಬರೆಯಿಸಬಹುದು. ಊರ ಹೊರಗಿನ ವೀರಗಲ್ಲುಗಳಲ್ಲಿ ನಾಯಿಯ ಶಿಲ್ಪವಿದ್ದರೆ ಸ್ಥಳ ಸಹಿತ ಗುರುತಿಸಿಕೊಳ್ಳಬಹುದು. ಇದಕ್ಕೆ ಹಣ ಬೇಡ, ಅಪ್ಪಣೆ ಬೇಡ. ಒಂದು ನೋಟು ಪುಸ್ತಕ ಸಾಕು. ಕಾಳಿಯ ಮರಣವನ್ನು ಆತಕೂರಿನ ಕಲ್ಲು ಸಾವಿರ ವರ್ಷ ಕಾಪಾಡಿದೆ. ಕಾಳಿಯಂಥವನ್ನು ಬೆಳೆಸಿದವರ ಬಾಳನ್ನು ಕಾಪಾಡಲು ಕಲ್ಲಿಲ್ಲ. ನಮ್ಮ ಲೇಖನಿಯೇ ಆ ಕೆಲಸ ಮಾಡಬೇಕಾಗಿದೆ.