ಸೂತಿಕೆಯ ಯವಾಗುವಿನಲ್ಲಿ ಲವಣ

ಬಾಣಂತಿಯ ಪಥ್ಯವನ್ನು ಚರಕ, ಸುಶ್ರುತ ಇಬ್ಬರೂ ನಿರೂಪಿಸಿದ್ದಾರೆ. ಆದರೆ ಉಪ್ಪನ್ನು ಯಾವ ಹಂತದಲ್ಲಿ ಕೊಡಬೇಕೆಂಬುದನ್ನು ಬಿಡಿಸಿ ಹೇಳಿದ ಕಾಶ್ಯಪಸಂಹಿತೆಯ ಮಾತು ವಿಶೇಷವಾಗಿ ವಿಚಾರಣೀಯ. ನೇಪಾಳದ ತಾಡಪತ್ರಪ್ರತಿಯ ಆಧಾರದಿಂದ 1938ರಲ್ಲಿ ಅಚ್ಚಾದ ಈ ಗ್ರಂಥ ತ್ರುಟಿತ. ಸುದೈವದಿಂದ ಅದರ ಖಿಲಸ್ಥಾನದಲ್ಲಿ ಸೂತಿಕೋಪಕ್ರಮಣೀಯಾಧ್ಯಾಯವು ಉಳಿದುಬಂದಿದೆ.

ಅದರಂತೆ ಪ್ರಸೂತಿಯಾದವಳಿಗೆ ಸ್ನೇಹಪಾನವಾದ ಬಳಿಕ ಮೂರು ಅಥವಾ ಐದು ದಿನ ಮಂಡ, ಎಂದರೆ ಗಂಜಿಯ ತಿಳಿ. ಅನಂತರ ಹಿಪ್ಪಲಿ, ಶುಂಠಿ ಕೂಡಿದ, ಜಿಡ್ಡು ಅಲ್ಪವಾದ, ಉಪ್ಪಿಲ್ಲದ ಯವಾಗು. ಅದಾದ ಮೇಲೆಯೇ ಸ್ನೇಹವೂ ಲವಣವೂ ಸೇರಿದ ಗಂಜಿ. ಬಳಿಕ ಹುರುಳಿಯ ಯೂಷ, ಮಾಂಸರಸ, ತುಪ್ಪದಲ್ಲಿ ಬಾಡಿಸಿದ ಬೂದುಗುಂಬಳ, ಮೂಲಂಗಿ ಮುಂತಾದ ಶಾಕಗಳು. ಮದ್ಯ, ಮಾಂಸ, ಮಧುಗಳನ್ನು ಔಷಧದಲ್ಲಿಯೂ ಒಪ್ಪದ ಕಲ್ಯಾಣಕಾರಕದ ಕರ್ತೃ, ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರ ಮಾರ್ಗವನ್ನು ಅನುಸರಿಸುವ ವೈದ್ಯನಿಗೆ ಇಲ್ಲಿ ಮಾಂಸರಸವು ತಾನಾಗಿಯೇ ಬಿಟ್ಟುಹೋಗುತ್ತದೆ. ಹುರುಳಿಯ ಯೂಷ ನಿಲ್ಲುತ್ತದೆ.

ಉಪ್ಪಿಲ್ಲದ ಈ ಯವಾಗುವನ್ನು ಕಂಡು ಪ್ರಾಚೀನರು ರಕ್ತದೊತ್ತಡವನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಟರೆ ಅದು ಗ್ರಂಥಕ್ಕೆ ಬಗೆದ ಅಪಚಾರವಾದೀತು. ಅಲ್ಲಿ ವಿವಕ್ಷಿತವಾದುದು ಜಠರಾಗ್ನಿಯ ಬಲ. ಅದು ವರ್ಧಿಸಿದಂತೆ ಲವಣವೂ ಮರಳುತ್ತದೆ. ತೋಳಿಗೆ ಪಟ್ಟಿ ಕಟ್ಟಿ ಒತ್ತಡವನ್ನು ಅಳೆಯುವ ಸಾಧನವನ್ನು ಇಟಲಿಯ ರಿವಾ-ರೋಚಿ ಪ್ರಕಟಿಸಿದುದು 1896ರಲ್ಲಿ. ನಾಡಿಯ ಸದ್ದನ್ನು ಆಲಿಸಿ ಅಳೆಯುವ ಕ್ರಮವನ್ನು ರಷ್ಯದ ಕೊರೊಟ್ಕಾಫ್ ತಿಳಿಸಿದುದು 1905ರಲ್ಲಿ.

ಹೆರಿಗೆಯ ಅನಂತರ ಮೂರರಿಂದ ಆರನೆಯ ದಿನದೊಳಗೆ ಒತ್ತಡವು ಅತ್ಯಧಿಕವಾಗುವುದೆಂದೂ, ಬಸುರಿನಲ್ಲಿ ಇಲ್ಲದಿದ್ದ ವಿಕಾರ ಆರು ವಾರಗಳೊಳಗೆ ಹೊಸದಾಗಿ ತೋರಬಹುದೆಂದೂ ಇಂದಿನ ವೈದ್ಯರು ಬಲ್ಲರು. ತೀವ್ರವಾದ ತಲೆನೋವು, ದೃಷ್ಟಿ ಮಂಜಾಗುವುದು, ಮೇಲ್ಹೊಟ್ಟೆಯ ನೋವು, ಉಸಿರುಕಟ್ಟು ಇದರ ಲಕ್ಷಣಗಳು. ಉಪೇಕ್ಷಿಸಿದರೆ ಸೆಳವು ಬಂದು ಪ್ರಾಣಕ್ಕೇ ಸಂಚಕಾರ. ಇದು ಗಂಜಿಯ ಕ್ರಮದಿಂದ ಶಮನವಾಗುವುದಲ್ಲ. ಅಳತೆಯೂ ಔಷಧವೂ ಬೇಕು. ಅಂತಹ ತಲೆನೋವನ್ನು ಬರಿಯ ವಾತವೆಂದು ಬಗೆದು ಕಷಾಯ ಕುಡಿಸುತ್ತ ಕಾಲ ಕಳೆಯುವುದಕ್ಕೆ ಈ ಅಧ್ಯಾಯವನ್ನು ಆಧಾರವಾಗಿ ಒಡ್ಡಲಾಗದು.

ಬಾಣಂತಿಗೆ ನೀರು ಕೊಡಬಾರದೆಂದು ಕೆಲವು ಮನೆಗಳಲ್ಲಿ ಹಿರಿಯರು ಶಾಸ್ತ್ರದ ಹೆಸರು ಹೇಳುವುದುಂಟು. ಸುಶ್ರುತನಾದರೋ ಮೊದಲ ಎರಡು ಮೂರು ದಿನಗಳಲ್ಲಿಯೇ ಹಿಪ್ಪಲಿ ಮೊದಲಾದವುಗಳ ಚೂರ್ಣವನ್ನು ಬಿಸಿಯಾದ ಬೆಲ್ಲದ ನೀರಿನೊಡನೆ ಕುಡಿಸಹೇಳಿದ್ದಾನೆ. ಸೂತಿಕೆಯೆಂಬ ಹೆಸರನ್ನು ಅವನು ಒಂದೂವರೆ ತಿಂಗಳವರೆಗೆ ಉಳಿಸುತ್ತಾನೆ.