ಆದವಾನಿ ಸೀಮೆಯ ಹೆಂಡ: ಬೊಕ್ಕಸಕ್ಕೂ ಮನೆಗೂ ನಡುವೆ

ಮದ್ಯಕ್ಕೆ ನಮ್ಮ ಭಾಷೆಯಲ್ಲಿ ಹೆಸರುಗಳು ಅನೇಕ. ಕಾವ್ಯಗಳಲ್ಲಿ ಅದು ಸುರೆ, ಮಧು, ಕಳ್ಳು; ಆಡುಮಾತಿನಲ್ಲಿ ಹೆಂಡ, ಸೇಂದಿ, ಸಾರಾಯಿ. ಪಾಶ್ಚಾತ್ಯರ ಊಟದಲ್ಲಿಯೂ ಪೂಜೆಯಲ್ಲಿಯೂ ದ್ರಾಕ್ಷಾರಸಕ್ಕೆ ಸ್ಥಾನವುಂಟು. ಆದವಾನಿ, ಆಲೂರುಗಳ ಎರೆನೆಲದಲ್ಲಿ ಸುಗ್ಗಿ ಜಾತ್ರೆಗಳ ಪಾನೀಯವಾಗಿದ್ದುದು ಈಚಲು ಮರದ ಹೆಂಡ. ಅದರ ಚರಿತ್ರೆಯನ್ನು ಬಿಡಿಸಿ ನೋಡಿದರೆ, ಸರ್ಕಾರದ ಬೊಕ್ಕಸಕ್ಕೂ ಬಡವನ ಮನೆಗೂ ನಡೆದ ಜಗ್ಗಾಟವೇ ಎದ್ದು ಕಾಣುತ್ತದೆ.

ಹಳ್ಳದ ದಂಡೆಯ ಈಚಲು ಮರವನ್ನು ಸುಳಿಯ ಬಳಿ ಕೆತ್ತಿ, ಸಂಜೆ ಮಡಕೆ ಕಟ್ಟಿದರೆ ಬೆಳಗಿನೊಳಗೆ ರಸ ಇಳಿದಿರುತ್ತದೆ. ತಂಪು ಹೊತ್ತಿನಲ್ಲಿ ಅದು ಸಿಹಿ. ಬಿಸಿಲೇರಿದಂತೆ ಹುಳಿತು ಅಮಲು ಕೂಡಿಕೊಳ್ಳುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದರೆ ಹುಳಿಯದೆ ನೀರಾ ಆಗಿ ಉಳಿಯುತ್ತದೆ, ಕಾಯಿಸಿದರೆ ಬೆಲ್ಲವಾಗುತ್ತದೆ. ಈ ಕಸುಬು ಈಡಿಗರದು. ಕನ್ನಡ ನಾಡು ಈ ಕಸುಬನ್ನು ಸಾಹಿತ್ಯದ ಹೊರಗಿಡಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬನು; ಅವನ ವಚನಗಳು ನಮಗೆ ದೊರೆತಿವೆ.

1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಆದವಾನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಯಿತು. ಆಂಗ್ಲರ ಆಡಳಿತದಲ್ಲಿ ಅಬಕಾರಿ ಒಂದು ದೊಡ್ಡ ಆದಾಯದ ಬಾಬ್ತಾಗಿ ಬೆಳೆಯಿತು. 1886ರ ಮದ್ರಾಸ್ ಅಬಕಾರಿ ಕಾಯಿದೆಯ ಕಾಲದಲ್ಲಿ ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು ಎಂಬ ಕ್ರಮ ನೆಲೆಗೊಂಡಿತು. ಹರಾಜಿನಲ್ಲಿ ಹೆಚ್ಚು ಕೂಗಿದವನು ಆ ಹಣವನ್ನು ಕುಡಿಯುವವನಿಂದಲೇ ಎತ್ತಬೇಕು. ಹೀಗೆ ಕೂಲಿಯವನ ದಿನಗೂಲಿಯಲ್ಲಿ ಸರ್ಕಾರಕ್ಕೂ ಒಂದು ಪಾಲು ಸೇರಿತು.

ಇದನ್ನು ಮುರಿಯಲು ಹೊರಟವರು ರಾಜಾಜಿಯವರು. 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ಜಾರಿಯಾಯಿತು. ಬೊಕ್ಕಸದ ನಷ್ಟ ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂದಿತು. 1948ರಲ್ಲಿ ಪಾನನಿರೋಧ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಹಬ್ಬಿತು. ಆದರೆ ಮರ ಹತ್ತಿ ಬದುಕುತ್ತಿದ್ದವನಿಗೆ ಬೇರೆ ದಾರಿ ಯಾವುದು? ಈ ಪ್ರಶ್ನೆ ಒಂದು ಸರ್ಕಾರವನ್ನೇ ಉರುಳಿಸಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಮೈಸೂರಿಗೆ ಹೋಯಿತು, ಆದವಾನಿ ಆಲೂರುಗಳು ಆಂಧ್ರದಲ್ಲಿ ಉಳಿದವು. ಮರುವರ್ಷ ನವೆಂಬರಿನಲ್ಲಿ, ರಾಜಧಾನಿ ಕರ್ನೂಲಿನಲ್ಲಿಯೇ, ಪಾನನಿರೋಧದ ವಿವಾದದಿಂದ ಟಂಗುಟೂರಿ ಪ್ರಕಾಶಂ ಅವರ ಮಂತ್ರಿಮಂಡಲ ಒಂದೇ ಒಂದು ಮತದಿಂದ ಬಿದ್ದಿತು.

ಮುಂದೆ ಪಾನನಿರೋಧ ಸಡಿಲವಾಗಿ ಸಾರಾಯಿ ಹರಾಜುಗಳು ಮರಳಿದವು. ಅವುಗಳಿಗೆ ಎದುರು ನಿಂತವರು ಶಾಸಕರಲ್ಲ, ಅಕ್ಷರ ಕಲಿಯಲು ಕುಳಿತ ಹೆಂಗಸರು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ, ಸಾಕ್ಷರತಾ ತರಗತಿಯ ಪಾಠ ಓದಿದವರು ಎದ್ದು ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಚಳವಳಿ ರಾಜ್ಯವೆಲ್ಲ ಹರಡಿ, 1993ರ ಅಕ್ಟೋಬರ್ 1ರಂದು ಸಾರಾಯಿ ನಿಷೇಧವಾಯಿತು, 1995ರಲ್ಲಿ ಎನ್.ಟಿ. ರಾಮರಾಯರು ಸಂಪೂರ್ಣ ಪಾನನಿರೋಧ ತಂದರು. ಗಡಿಯಾಚೆಯ ಬಳ್ಳಾರಿ, ಸಿರುಗುಪ್ಪಗಳಲ್ಲಿ ಅಂಗಡಿಗಳು ತೆರೆದೇ ಇದ್ದವು. ಒಂದೇ ಮಾತು, ಒಂದೇ ನೆಂಟಸ್ತಿಕೆ. ಕಾಯಿದೆ ಮಾತ್ರ ಎರಡು. 1997ರಲ್ಲಿ ಆ ನಿಷೇಧವೂ ಸಡಿಲಗೊಂಡಿತು. ಕರ್ನಾಟಕವು ಸಾರಾಯಿಯನ್ನು ನಿಷೇಧಿಸಿದ್ದು 2007ರಲ್ಲಿ. ಆಂಧ್ರದಲ್ಲಿ 2019ರಲ್ಲಿ ಸರ್ಕಾರವೇ ಮದ್ಯದಂಗಡಿ ನಡೆಸತೊಡಗಿತು; 2024ರಲ್ಲಿ ಅವು ಮತ್ತೆ ಖಾಸಗಿಯವರ ಕೈಸೇರಿದವು.

ಮೇಲಿನಿಂದ ಬಂದ ಕಾಯಿದೆಗಳು ಬೊಕ್ಕಸ ಬರಿದಾದಾಗಲೆಲ್ಲ ಬಾಗಿದವು. ಅಂಗಡಿಯ ಬಾಗಿಲಿಗೆ ಹೋಗಿ ನಿಂತ ದೂಬಗುಂಟದ ತಾಯಂದಿರ ಕೈಯಲ್ಲಿದ್ದುದು ಒಂದು ಪಾಠಪುಸ್ತಕ. ಮೂರು ದಶಕ ಮಕ್ಕಳಿಗೆ ಅಕ್ಷರ ಕಲಿಸಿದ ನನಗೆ ಈ ಚರಿತ್ರೆಯಲ್ಲಿ ಅತ್ಯಂತ ಬೆಲೆಯುಳ್ಳ ಪುಟ ಅದೇ. ಗಡಿಯ ಈಚೆಗೆ ಉಳಿದ ನಮ್ಮ ಕನ್ನಡ ಶಾಲೆಗಳಲ್ಲಿ ಹೆಣ್ಣುಮಕ್ಕಳ ಓದು ನಿಲ್ಲದಂತೆ ನೋಡಿಕೊಳ್ಳುವುದೂ, ಮನೆಯ ದುಡಿಮೆ ಮನೆಗೇ ಸೇರುವಂತೆ ಕಾಯುವ ಒಂದು ಕೆಲಸವೇ ಆಗಿದೆ.