ಬಾನುಲಿಯ ನಿಷ್ಪಕ್ಷಪಾತ

ಉಭಯಪಕ್ಷಗಳ ಮಾತನ್ನೂ ಕೇಳಿದ ಬಳಿಕವೇ ತೀರ್ಪು ಹೇಳಬೇಕೆಂಬುದು ಧರ್ಮಸಭೆಯ ಮೊದಲನೆಯ ನಿಯಮ. ಆದರೆ ಇಬ್ಬರಿಗೂ ಸಮಾನವಾದ ಕಾಲವನ್ನು ಕೊಟ್ಟಮಾತ್ರಕ್ಕೆ ಇಬ್ಬರ ಮಾತಿಗೂ ಸಮಾನವಾದ ತೂಕವು ಬಂದುಬಿಡುವುದೆ? ಇಂಗ್ಲೆಂಡಿನ ಬಿ.ಬಿ.ಸಿ. ಎಂಬ ಬಾನುಲಿ ಸಂಸ್ಥೆಯು ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಕಂಡುಕೊಳ್ಳುವುದಕ್ಕೆ ಸುಮಾರು ತೊಂಬತ್ತು ವರ್ಷಗಳು ಹಿಡಿದುವು.

1922ರಲ್ಲಿ ವ್ಯಾಪಾರಸಂಘವಾಗಿ ಹುಟ್ಟಿದ ಈ ಸಂಸ್ಥೆಯು 1927ರ ಜನವರಿಯಲ್ಲಿ ರಾಜಶಾಸನದಿಂದ ಸಾರ್ವಜನಿಕ ಸಂಸ್ಥೆಯಾಯಿತು. ವಿವಾದಾಸ್ಪದವಾದ ವಿಷಯಗಳನ್ನು ಪ್ರಸಾರಮಾಡಕೂಡದೆಂಬ ನಿರ್ಬಂಧವು ಮೊದಲಲ್ಲಿ ಅದರ ಮೇಲಿದ್ದಿತು. 1926ರ ಸಾರ್ವತ್ರಿಕ ಮುಷ್ಕರದ ಕಾಲದಲ್ಲಿ ಪ್ರಧಾನಮಂತ್ರಿ ಬಾಲ್ಡ್ವಿನ್ನರ ಮಾತು ಬಾನುಲಿಯಲ್ಲಿ ಕೇಳಿಬಂದಿತು. ವಿರೋಧಪಕ್ಷದ ನಾಯಕರಾದ ಮ್ಯಾಕ್‌ಡೊನಾಲ್ಡರಿಗೆ ಅವಕಾಶವು ದೊರೆಯಲಿಲ್ಲ. 1928ರ ಮಾರ್ಚಿಯಲ್ಲಿ ಆ ನಿರ್ಬಂಧವು ತೆಗೆಯಲ್ಪಟ್ಟ ಮೇಲೆ, ಎರಡು ಪಕ್ಷಗಳನ್ನೂ ಜನರಿಗೆ ಕೇಳಿಸಬೇಕೆಂಬ ಪದ್ಧತಿಯು ಕ್ರಮವಾಗಿ ಬೇರೂರಿತು. ರಾಜಕಾರಣದಲ್ಲಿ ಈ ಪದ್ಧತಿಯು ಶ್ರೇಯಸ್ಕರವೇ ಸರಿ; ಅಧಿಕಾರಾರೂಢರ ಏಕಕಂಠಕ್ಕೆ ಅದೇ ಮದ್ದು.

ಇದನ್ನೇ ವಿಜ್ಞಾನಕ್ಕೂ ಯಥಾವತ್ತಾಗಿ ಅನ್ವಯಿಸಿದಾಗ ಕೇಡು ಮೊದಲಾಯಿತು. 1998ರಲ್ಲಿ ವೇಕ್‌ಫೀಲ್ಡ್ ಎಂಬ ವೈದ್ಯರು ಸಂಗಡಿಗರೊಡನೆ ಕೇವಲ 12 ಮಕ್ಕಳನ್ನು ಪರೀಕ್ಷಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ದಡಾರ, ಮಂಗನಬಾವು, ರುಬೆಲ್ಲ—ಈ ಮೂರಕ್ಕೂ ಹಾಕುವ ಲಸಿಕೆಗೂ ಆಟಿಸಂ ಎಂಬ ಸ್ಥಿತಿಗೂ ಸಂಬಂಧವಿರಬಹುದೆಂಬ ಶಂಕೆ ಅದರಿಂದ ಹಬ್ಬಿತು. ಪತ್ರಿಕೆಗಳೂ ಪ್ರಸಾರಸಂಸ್ಥೆಗಳೂ ಒಂದು ಕಡೆ ಶಂಕೆಯನ್ನೂ ಇನ್ನೊಂದು ಕಡೆ ವೈದ್ಯಲೋಕದ ಬಹುಮತವನ್ನೂ ಸರಿಸಮವಾದ ಎರಡು ಪಕ್ಷಗಳೆಂಬಂತೆ ನಿಲ್ಲಿಸಿದುವು. ಇಂಗ್ಲೆಂಡಿನಲ್ಲಿ 1995–96ರಲ್ಲಿ ಶೇಕಡ 92ರಷ್ಟು ಎಳೆಮಕ್ಕಳಿಗೆ ದೊರೆತಿದ್ದ ಲಸಿಕೆಯು 2003–04ರ ಹೊತ್ತಿಗೆ ಶೇಕಡ 80ಕ್ಕೆ ಇಳಿಯಿತು. 2010ರಲ್ಲಿ ಪತ್ರಿಕೆಯು ಆ ಲೇಖನವನ್ನು ಹಿಂತೆಗೆದುಕೊಂಡಿತು. ವೇಕ್‌ಫೀಲ್ಡರ ಹೆಸರು ವೈದ್ಯರ ಪಟ್ಟಿಯಿಂದ ಹೊಡೆದುಹಾಕಲ್ಪಟ್ಟಿತು. ಅಷ್ಟರೊಳಗೆ ದಡಾರವು ಮರಳಿ ತಲೆಯೆತ್ತಿದ್ದಿತು.

2011ರಲ್ಲಿ ತಳಿಶಾಸ್ತ್ರಜ್ಞರಾದ ಸ್ಟೀವ್ ಜೋನ್ಸರು ಬಿ.ಬಿ.ಸಿ.ಯ ವಿಜ್ಞಾನಪ್ರಸಾರವನ್ನು ವಿಮರ್ಶಿಸಿ, ಅದರ ಗುಣವನ್ನು ಒಟ್ಟಿನಲ್ಲಿ ಶ್ಲಾಘಿಸಿದರೂ, ನಿಷ್ಪಕ್ಷಪಾತದ ನಿಯಮವನ್ನು ಅತಿ ಬಿಗಿಯಾಗಿ ಹಿಡಿದುದರಿಂದ ಹುಸಿ ಸಮತೋಲವು ಉಂಟಾಗುತ್ತಿರುವುದೆಂದು ಎಚ್ಚರಿಸಿದರು. ಆದರೂ 2014ರ ಫೆಬ್ರವರಿಯಲ್ಲಿ ಹವಾಮಾನಶಾಸ್ತ್ರಜ್ಞ ಹಾಸ್ಕಿನ್ಸರಿಗೆ ಎದುರಾಗಿ ಮಾಜಿ ಅರ್ಥಸಚಿವ ಲಾಸನ್ನರನ್ನು ಕೂರಿಸಲಾಯಿತು. 2017ರ ಆಗಸ್ಟಿನಲ್ಲಿ ಅದೇ ಲಾಸನ್ನರು, ಹಿಂದಿನ ಹತ್ತು ವರ್ಷಗಳಲ್ಲಿ ಭೂಮಿಯ ಸರಾಸರಿ ಉಷ್ಣತೆಯು ತುಸು ಇಳಿದಿದೆಯೆಂದು ಹೇಳಿದಾಗ ಕೇಳುತ್ತಿದ್ದವರು ತಡೆಯಲಿಲ್ಲ. ಆ ಮಾತು ನಿಜವಲ್ಲ. ಪ್ರಸಾರನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್ 2018ರ ಏಪ್ರಿಲಿನಲ್ಲಿ ಇದನ್ನು ನಿಯಮಭಂಗವೆಂದು ನಿರ್ಣಯಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಿ.ಬಿ.ಸಿ.ಯು, ಸಮತೋಲಕ್ಕಾಗಿ ನಿರಾಕರಿಸುವವರನ್ನು ಕರೆತರಬೇಕಾದುದಿಲ್ಲವೆಂದು ತನ್ನವರಿಗೆ ತಿಳಿಸಿತು.

ನಮ್ಮ ನ್ಯಾಯಶಾಸ್ತ್ರಕಾರರು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ; ಗೆಲವಿಗಾಗಿ ನಡೆಯುವುದು ಜಲ್ಪ; ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಕೆಡಹುವುದೇ ವಿತಂಡೆ. ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಹೇಳಲಿಚ್ಛಿಸುವವನು ಆಪ್ತನು. ಬಾನುಲಿಯು ಆಪ್ತನನ್ನೂ ವಿತಂಡಿಯನ್ನೂ ಒಂದೇ ಮಣೆಯಲ್ಲಿ ಕೂರಿಸಿದರೆ, ಕೇಳುವವನಿಗೆ ವಾದದ ಭ್ರಾಂತಿಯುಂಟಾಗುವುದೇ ಹೊರತು ನಿರ್ಣಯವು ದೊರೆಯುವುದಿಲ್ಲ.

ಹಾಗೆಂದು ಆಪ್ತನ ಮಾತಿಗೆ ಎಲ್ಲೆಯಿಲ್ಲವೆಂದಲ್ಲ. ವೇಕ್‌ಫೀಲ್ಡರೂ ವೈದ್ಯರೇ, ಅವರ ಲೇಖನವು ಬಿದ್ದುದು ಇತರರ ಶೋಧನೆಯಿಂದ, ಪ್ರಮಾಣದ ಬಲದಿಂದ. ಭೂಮಿಯು ಬಿಸಿಯಾಗುತ್ತಿದೆಯೆ ಎಂಬುದನ್ನು ಅಳೆದು ತಿಳಿದವರು ಹೇಳಬೇಕು. ಅದಕ್ಕಾಗಿ ಯಾವ ಕರವನ್ನು ಹಾಕಬೇಕು, ಆ ಭಾರವನ್ನು ಯಾರು ಹೊರಬೇಕು ಎಂಬುದು ಪ್ರಜೆಗಳೆಲ್ಲರ ವಿಚಾರ. ಅಲ್ಲಿ ಅರ್ಥಸಚಿವರಾಗಿದ್ದ ಲಾಸನ್ನರಂಥವರ ಮಾತನ್ನೂ ಅವರ ಪ್ರತಿಪಕ್ಷಿಗಳ ಮಾತನ್ನೂ ಕೇಳತಕ್ಕದ್ದೇ. ಈ ಎರಡು ಪ್ರಶ್ನೆಗಳನ್ನು ಬೆರೆಸದೆ ಇಡುವುದೇ ಪ್ರಸಾರಕನ ಧರ್ಮ. ತಕ್ಕಡಿಯ ತಟ್ಟೆಗಳು ಸಮನಾಗಿರಬೇಕು, ನಿಜ; ಆದರೆ ಅವುಗಳಲ್ಲಿಟ್ಟ ಪದಾರ್ಥದ ತೂಕವನ್ನು ಮರೆಮಾಚುವ ತಕ್ಕಡಿಯು ತಕ್ಕಡಿಯೇ ಅಲ್ಲ.